ರೋಗಿ ಮನೆಯಿಂದ ತಂದ ಮಾತ್ರೆ: ವಾರ್ಡಿನಲ್ಲಿ ಏನು ಮಾಡಬೇಕು?

ಅಡ್ಮಿಟ್ ಆಗಲು ಬಂದವರ ಚೀಲದಲ್ಲಿ ಮಾತ್ರೆಗಳು ಇದ್ದೇ ಇರುತ್ತವೆ. ವೈದ್ಯರು ಚಾರ್ಟ್‌ನಲ್ಲಿ ಬರೆಯುವ ತನಕ ಅದರಲ್ಲಿ ಒಂದನ್ನೂ ಕೊಡುವಂತಿಲ್ಲ. ಹಾಗಂತ ಚೀಲ ಬಿಚ್ಚಿ ನೋಡದೆ ಮನೆಗೆ ಕಳಿಸಬೇಡಿ. ರೋಗಿ ನಿಜಕ್ಕೂ ಏನೇನು ನುಂಗುತ್ತಿದ್ದರು ಅನ್ನೋದು ಹಳೇ ಚೀಟಿಗಿಂತ ಅಲ್ಲೇ ಚೆನ್ನಾಗಿ ಗೊತ್ತಾಗುತ್ತದೆ.

ನನಗೆ ಜಾಸ್ತಿ ಭಯ ಇರುವುದು ಡಬಲ್ ಡೋಸ್ ಬಗ್ಗೆ. ಆಸ್ಪತ್ರೆ ಕೊಡುವುದು ಬಿಪಿ ಮಾತ್ರೆ ಅಮ್ಲೋಡಿಪಿನ್. ರೋಗಿಯ ಸ್ಟ್ರಿಪ್‌ನಲ್ಲೂ ಅದೇ ಇದೆ, ಆದರೆ ಬ್ರ್ಯಾಂಡ್ ಹೆಸರು ದೊಡ್ಡದು, ಔಷಧದ ಹೆಸರು ಸಣ್ಣ ಅಕ್ಷರದಲ್ಲಿ. ಎರಡೂ ಬೇರೆ ಬೇರೆ ಅಂದುಕೊಂಡು ಎರಡನ್ನೂ ನುಂಗುತ್ತಾರೆ. ಬಿಪಿ ಇಳಿದು, ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು. ನಾವು ಚಾರ್ಟ್ ನೋಡಿದರೆ ಅಲ್ಲಿ ಒಂದೇ ಡೋಸ್! ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಆದರಂತೂ ಜೀವಕ್ಕೇ ಅಪಾಯ.

ಬೇಕೆಂದೇ ನಿಲ್ಲಿಸಿದ ಔಷಧದ ಕಥೆಯೂ ಹೀಗೇ. ಕಿಡ್ನಿ ಕೈಕೊಟ್ಟಾಗ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನಿಲ್ಲಿಸುತ್ತಾರೆ. 'ಸಿಸ್ಟರ್ ಮರೆತಿರಬೇಕು' ಅಂತ ರೋಗಿ ತಾವೇ ತೆಗೆದುಕೊಂಡುಬಿಡುತ್ತಾರೆ. ಆದ್ದರಿಂದ ನಿಲ್ಲಿಸಿದ್ದನ್ನೂ ಕಾರಣವನ್ನೂ ಅವರಿಗೆ ಬಾಯಿಬಿಟ್ಟು ಹೇಳಿ.

ಆದರೂ ಕೆಲವೊಮ್ಮೆ ರೋಗಿಯ ಔಷಧವೇ ಬೇಕಾಗುತ್ತದೆ. ಪಾರ್ಕಿನ್ಸನ್ ಇರುವವರಿಗೆ ಲೆವೊಡೋಪಾ ತಡವಾದರೆ ಮೈ ಬಿಗಿಯುತ್ತದೆ, ನುಂಗುವುದೂ ಕಷ್ಟವಾಗುತ್ತದೆ. ಫಾರ್ಮಸಿಯಲ್ಲಿ ಅದು ಇಲ್ಲದಿದ್ದರೆ ಕಾಯುತ್ತಾ ಕೂರಬಾರದು. ಆರ್ಡರ್ ಬರೆಸಿ, ಪರೀಕ್ಷಿಸಿ, ಅವರದ್ದನ್ನೇ ಕೊಡಬೇಕು. ಫಿಟ್ಸ್ ಮಾತ್ರೆಗೂ ಇದೇ ಮಾತು.

ಪರೀಕ್ಷೆ ಅಂದರೆ ಏನು? ಹೆಸರು, ಎಷ್ಟು ಮಿಲಿಗ್ರಾಂ, ಎಕ್ಸ್‌ಪೈರಿ, ಪ್ಯಾಕಿಂಗ್ ಸರಿಯಿದೆಯಾ ಅಂತ ಫಾರ್ಮಾಸಿಸ್ಟ್ ಅಥವಾ ಆ ಜವಾಬ್ದಾರಿ ಇರುವವರು ನೋಡುವುದು. ಕತ್ತರಿಸಿದ ಸ್ಟ್ರಿಪ್ ಸಿಕ್ಕರೆ ಹುಷಾರು: ಉಳಿದ ಎರಡು ಮಾತ್ರೆಯ ತುಂಡಿನಲ್ಲಿ ಅರ್ಧ ಹೆಸರು ಇರುತ್ತದೆ, ಎಕ್ಸ್‌ಪೈರಿ ಇದ್ದ ಅಂಚು ಹೋಗಿರುತ್ತದೆ. ಅದನ್ನು ಬಳಸಬೇಡಿ. ಡಬ್ಬಿಯಲ್ಲಿ ಬೆರೆತ ಬಿಡಿ ಮಾತ್ರೆಗಳನ್ನೂ ಅಷ್ಟೇ. ತೆರೆದ ಇನ್ಸುಲಿನ್ ಪೆನ್ನು ಹೊರಗಿಟ್ಟರೆ ಹೆಚ್ಚಿನ ಬಗೆಗಳು ಸುಮಾರು 28 ದಿನ ಮಾತ್ರ ಬರುತ್ತವೆ. ಯಾವತ್ತು ತೆರೆದದ್ದು ಅಂತ ಗೊತ್ತಿಲ್ಲದಿದ್ದರೆ ಹೊಸದು ತರಿಸಿ.

ಕೊನೆಯ ಡೋಸ್ ಯಾವಾಗ ಆಯಿತು ಅಂತ ಕೇಳಲೇಬೇಕು. ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಚಾರ್ಟ್‌ನಲ್ಲಿ ಮಾತ್ರ ದಿನದಿನದ ಕಾಲಂ ಇರುತ್ತದೆ. ದಿನಾ ಕೊಟ್ಟರೆ ರಕ್ತಕಣಗಳು ಕುಸಿದು ರೋಗಿ ಸಾಯಬಹುದು. ಬೆನ್ನು, ತೋಳನ್ನೂ ನೋಡಿ. ಅಲ್ಲಿ ಚರ್ಮಕ್ಕೆ ಅಂಟಿಸುವ ತೀವ್ರ ನೋವಿನ ಔಷಧ, ಫೆಂಟನಿಲ್ ಪ್ಯಾಚ್ ಇರಬಹುದು, ಅದು ಸಾಮಾನ್ಯವಾಗಿ 72 ಗಂಟೆ ಕೆಲಸ ಮಾಡುತ್ತದೆ. ಪ್ಯಾಚ್ ಅನ್ನು ಯಾರೂ 'ಔಷಧ' ಅಂತ ಲೆಕ್ಕಕ್ಕೆ ಹಿಡಿಯಲ್ಲ, ಅಲ್ವಾ?

ಒಪ್ಪಿದ ಔಷಧ ಬೀಗದಲ್ಲಿರಲಿ, ದಿಂಬಿನಡಿ ಬೇಡ. ಇನ್ಹೇಲರ್‌ನಂಥ ತುರ್ತಿನವು ವೈದ್ಯರು ಒಪ್ಪಿದರೆ ರೋಗಿಯ ಕೈಗೆಟುಕುವಂತಿರಲಿ. ಮಾತ್ರೆ ರೋಗಿಯದ್ದೇ ಆದರೂ ಪ್ರತಿ ಡೋಸನ್ನೂ ಚಾರ್ಟ್‌ನಲ್ಲಿ ಬರೆಯಿರಿ.

ಡಿಸ್ಚಾರ್ಜ್ ದಿನ ಚೀಲವನ್ನು ಸುಮ್ನೆ ಕೈಗೆ ಕೊಡಬೇಡಿ. ಔಷಧ ಅವರ ಸ್ವತ್ತು ನಿಜ. ಆದರೆ ನಿಲ್ಲಿಸಿದ ಸ್ಟ್ರಿಪ್‌ಗಳನ್ನು ಬೇರೆ ತೆಗೆದು ತೋರಿಸಿ, ಅವರ ಒಪ್ಪಿಗೆ ಪಡೆದು ವಿಲೇವಾರಿಗೆ ಕಳಿಸಿ. ಮನೆಯಲ್ಲಿ ಇನ್ನೂ ಅದೇ ಮಾತ್ರೆ ಉಳಿದಿದೆಯಾ ಅಂತಾನೂ ಕೇಳಿ.