ಅಂಕಿ ಬೇರೆ, ಸಂಖ್ಯೆ ಬೇರೆ: ಭಾಜ್ಯತೆಯ ಲೆಕ್ಕಕ್ಕೆ ಬೀಜಗಣಿತದ ದಾರಿ

ಅಂಕಿಗಳ ಮೊತ್ತ 9ರಿಂದ ಭಾಗವಾದರೆ ಆ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. ಇದು ನಮಗೆಲ್ಲ ಬಾಯಿಪಾಠ. ಆದರೆ ಇದೇ ಉಪಾಯ 7ಕ್ಕೆ ಯಾಕೆ ನಡೆಯದು ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇವೆ. ಉತ್ತರ ಇರುವುದು ಸ್ಥಾನಬೆಲೆಯಲ್ಲಿ.

ಮೂರಂಕಿಯ ಸಂಖ್ಯೆಯೊಂದರಲ್ಲಿ ನೂರರ ಸ್ಥಾನದ ಅಂಕಿ ನ, ಹತ್ತರದು ಹ, ಬಿಡಿಯದು ಬ ಎಂದಿರಲಿ. (ಕನ್ನಡ ಅಕ್ಷರ ಕಂಡು ಗಾಬರಿ ಬೇಡ. 12ನೇ ಶತಮಾನದ ಭಾಸ್ಕರಾಚಾರ್ಯರೂ ಅಜ್ಞಾತಗಳಿಗೆ ಯಾ, ಕಾ, ನೀ ಎಂದೇ ಬರೆದವರು.) ಆಗ ಸಂಖ್ಯೆ 100ನ + 10ಹ + ಬ. ಇದನ್ನು ಹೀಗೆ ಒಡೆಯಿರಿ:

100ನ + 10ಹ + ಬ = (99ನ + 9ಹ) + (ನ + ಹ + ಬ)

ಮೊದಲ ಆವರಣ ಯಾವತ್ತೂ 9ರ ಅಪವರ್ತ್ಯ. ಹಾಗಾಗಿ ಶೇಷ ಎಷ್ಟು ಎಂಬುದನ್ನು ಎರಡನೆಯ ಆವರಣವೇ ನಿರ್ಧರಿಸುತ್ತದೆ. 527ನ್ನು ನೋಡಿ: 5 + 2 + 7 = 14, ಅದನ್ನು 9ರಿಂದ ಭಾಗಿಸಿದರೆ ಶೇಷ 5. ನೇರವಾಗಿ ಭಾಗಿಸಿದರೂ 527 = 9 × 58 + 5. 3ರ ನಿಯಮಕ್ಕೂ ಇದೇ ಕಾರಣ. 7ರ ವಿಷಯಕ್ಕೆ ಬಂದರೆ 100ರ ಶೇಷ 2, 10ರ ಶೇಷ 3. ಆದ್ದರಿಂದ ಪರೀಕ್ಷಿಸಬೇಕಾದ್ದು 2ನ + 3ಹ + ಬ. 343ಕ್ಕೆ 6 + 12 + 3 = 21, ಸರಿ ಹೋಯಿತು. ನಿಯಮ ಇಲ್ಲದೆ ಇಲ್ಲ, ಬರೀ ಕೂಡಿದರೆ ಸಾಲದು ಅಷ್ಟೇ. 11ಕ್ಕೆ 100 = 99 + 1, 10 = 11 − 1 ಎಂದು ಬರೆದುಕೊಂಡರೆ ನ − ಹ + ಬ ತಾನಾಗಿ ಸಿಗುತ್ತದೆ.

ಬಿಟ್ಟ ಅಂಕಿ ತುಂಬುವ ಲೆಕ್ಕದಲ್ಲಿ ಒಂದು ಎಚ್ಚರಿಕೆ. 5_4 ಎಂಬುದು 9ರಿಂದ ಭಾಗವಾಗಬೇಕಾದರೆ ಹಲವರು 0 ಬರೆದು ಮುಂದೆ ಹೋಗುತ್ತಾರೆ. 9 ಕೂಡ ಸರಿಯೇ: 594 = 9 × 66. ಎರಡನ್ನೂ ಬರೆಯಿರಿ.

ಈಗ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ. ಎರಡಂಕಿಯ ಸಂಖ್ಯೆಯ ಅಂಕಿಗಳ ಮೊತ್ತ 9. ಅಂಕಿಗಳನ್ನು ಅದಲುಬದಲು ಮಾಡಿದರೆ ಸಂಖ್ಯೆ 27 ಹೆಚ್ಚಾಗುತ್ತದೆ. ಆ ಸಂಖ್ಯೆ ಯಾವುದು? ಇಲ್ಲಿ ಸಂಖ್ಯೆಯನ್ನು ‘ಹಬ’ ಎಂದು ಬರೆದರೆ ಲೆಕ್ಕ ಅಲ್ಲೇ ಕೆಟ್ಟಿತು, ಏಕೆಂದರೆ ಬೀಜಗಣಿತದಲ್ಲಿ ಹಬ ಎಂದರೆ ಹ × ಬ. ಬರೆಯಬೇಕಾದ್ದು 10ಹ + ಬ. ತಿರುಗಿಸಿದ್ದು 10ಬ + ಹ.

(10ಬ + ಹ) − (10ಹ + ಬ) = 9ಬ − 9ಹ = 9(ಬ − ಹ) = 27

ಅಂದರೆ ಬ − ಹ = 3, ಜೊತೆಗೆ ಬ + ಹ = 9. ಎರಡನ್ನೂ ಕೂಡಿದರೆ 2ಬ = 12, ಬ = 6, ಹ = 3. ಸಂಖ್ಯೆ 36, ತಿರುಗಿಸಿದರೆ 63. ಆವರಣದ ಮುಂದಿನ ಕಳೆಯುವ ಚಿಹ್ನೆ ಒಳಗಿನ ಎರಡೂ ಪದಗಳಿಗೆ ತಗಲುತ್ತದೆ; ಹೆಚ್ಚಿನ ಅಂಕಗಳು ಹೋಗುವುದು ಈ ಸಾಲಿನಲ್ಲೇ. ಇನ್ನೊಂದು ಮಾತು: ವ್ಯತ್ಯಾಸ ಯಾವಾಗಲೂ 9ರ ಅಪವರ್ತ್ಯವಾದ್ದರಿಂದ ಪ್ರಶ್ನೆಯಲ್ಲಿ 27ರ ಬದಲು 25 ಇದ್ದರೆ ಉತ್ತರವೇ ಇಲ್ಲ ಎಂದು ಪೆನ್ನು ಎತ್ತುವ ಮೊದಲೇ ಹೇಳಬಹುದು.

4 ಮತ್ತು 6 ಎರಡರಿಂದಲೂ ಭಾಗವಾಗುವ ಸಂಖ್ಯೆ 24ರಿಂದ ಭಾಗವಾಗಲೇಬೇಕೆಂದಿಲ್ಲ, 12 ಸಾಕ್ಷಿ. ಬಳಸಬೇಕಾದ್ದು ಗುಣಲಬ್ಧವನ್ನಲ್ಲ, ಲ.ಸಾ.ಅ.ವನ್ನು (ಲಘುತಮ ಸಾಮಾನ್ಯ ಅಪವರ್ತ್ಯ). ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) 1 ಇದ್ದಾಗ ಮಾತ್ರ ಎರಡೂ ಒಂದೇ ಆಗುತ್ತವೆ.

ನಾಲ್ಕಾರು ಉದಾಹರಣೆ ಸರಿಹೋದರೆ ಸಾಧನೆ ಆಯಿತು ಎಂದುಕೊಳ್ಳುವವರಿಗೆ ಕ² + ಕ + 41 ಎಂಬ ಬೀಜೋಕ್ತಿಯನ್ನು ತೋರಿಸಬೇಕು. ಗಣಿತಜ್ಞ ಆಯ್ಲರ್ ಹೆಸರಿನೊಂದಿಗೆ ಪ್ರಸಿದ್ಧವಾದದ್ದು ಇದು. ಕ = 0 ಎಂದರೆ 41, ಕ = 1 ಎಂದರೆ 43, ಕ = 2 ಎಂದರೆ 47; ಹೀಗೆ ಕ = 39ರವರೆಗೆ ಬರುವುದೆಲ್ಲ ಅವಿಭಾಜ್ಯ ಸಂಖ್ಯೆಯೇ. ಕ = 40 ಹಾಕಿ, ಆದರೆ ಗುಣಿಸಬೇಡಿ, ಅಪವರ್ತಿಸಿ: 40 × 40 + 40 + 41 = 40 × 41 + 41 = 41 × 41.

ಅಭ್ಯಾಸಕ್ಕೆ ಎರಡು ಲೆಕ್ಕ. ಮೂರಂಕಿಯ ಸಂಖ್ಯೆಯನ್ನು ತಿರುಗಿಸಿ ಕಳೆದರೆ ಬರುವ ವ್ಯತ್ಯಾಸ 99ರಿಂದ ಭಾಗವಾಗುತ್ತದೆ ಎಂದು ಸಾಧಿಸಿ. 358358ರಂತೆ ಮೂರಂಕಿಯನ್ನು ಎರಡು ಸಲ ಬರೆದ ಸಂಖ್ಯೆ 7, 11, 13 ಮೂರರಿಂದಲೂ ಭಾಗವಾಗುವುದು ಏಕೆ? ಸುಳಿವು: ಅದು 358 × 1001.