ಟೀಚರ್, ಪ್ರವಾಸದ ಪತ್ರ ಜೂನ್‌ನಲ್ಲೇ ಬರೆಯಿರಿ

ಹತ್ತು ವರ್ಷದಿಂದ ಕಂಪನಿಯೊಂದರ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಸರ್ಕಾರಿ ಶಾಲೆಗಳಿಂದ ಬರುವ ಪತ್ರಗಳನ್ನು ಮೊದಲು ಓದುವವಳು ನಾನೇ. ಶೌಚಾಲಯ, ಬೆಂಚು, ಕಂಪ್ಯೂಟರ್, ಕುಡಿಯುವ ನೀರಿನ ಫಿಲ್ಟರ್, ಇಂಥ ಬೇಡಿಕೆಗಳೇ ಜಾಸ್ತಿ. ಪ್ರವಾಸಕ್ಕೆ ಸಹಾಯ ಕೇಳುವ ಪತ್ರ ವರ್ಷಕ್ಕೆ ನಾಲ್ಕೋ ಐದೋ ಬರುತ್ತವೆ. ಅವು ನಮ್ಮ ಕೈಗೆ ತಲುಪುವಾಗ ನವೆಂಬರ್ ಕೊನೆಯಾಗಿರುತ್ತದೆ. ಡಿಸೆಂಬರ್‌ನಲ್ಲಿ ಹೊರಡಬೇಕು, ದಯವಿಟ್ಟು ಧನಸಹಾಯ ಮಾಡಿ ಎಂದು ಬರೆದಿರುತ್ತಾರೆ. ಅಷ್ಟು ಹೊತ್ತಿಗೆ ಆ ವರ್ಷದ ಹಣ ಯಾವುದಕ್ಕೆ ಎಂದು ತೀರ್ಮಾನವಾಗಿ ತಿಂಗಳುಗಳೇ ಆಗಿರುತ್ತವೆ. ಅಂಥ ಪತ್ರಗಳಿಗೆ 'ಸಾಧ್ಯವಿಲ್ಲ' ಎಂದು ಉತ್ತರ ಬರೆದು ಬರೆದು ನನಗೆ ಸಾಕಾಗಿದೆ. ಅದಕ್ಕೇ ಈ ಅಂಕಣ.

ಒಬ್ಬ ಟೀಚರ್ ಬರೆದ ಪತ್ರ ಮಾತ್ರ ಬೇರೆ ಥರ ಇತ್ತು. ಚಿತ್ರದುರ್ಗ ಜಿಲ್ಲೆಯ ಪುಟ್ಟ ಊರಿನ ಶಾಲೆ. ಎಂಟನೇ ತರಗತಿಯಲ್ಲಿ 43 ಮಕ್ಕಳು. ಹಿಂದಿನ ವರ್ಷ ತಲೆಗೆ ಇಷ್ಟು ಎಂದು ದುಡ್ಡು ಹಾಕಿಸಿಕೊಂಡು ಪ್ರವಾಸ ಹೊರಟಾಗ 14 ಮಕ್ಕಳು ಹೆಸರು ಕೊಡಲಿಲ್ಲವಂತೆ. ಅವರಲ್ಲಿ ಒಬ್ಬ ಹುಡುಗಿ, "ಮಿಸ್, ನನಗೆ ಬಸ್ಸಲ್ಲಿ ವಾಂತಿ ಆಗುತ್ತೆ, ನಾನು ಬರಲ್ಲ" ಅಂದಳಂತೆ. ಅದೇ ಹುಡುಗಿ ದಿನಾ ಬಸ್ಸಲ್ಲೇ ಶಾಲೆಗೆ ಬರುತ್ತಾಳೆ ಎಂಬುದು ಟೀಚರಿಗೆ ಗೊತ್ತಿತ್ತು. ಆ ಒಂದು ಸಾಲು ಓದಿ ನಾನು ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಶಾಲಾ ಪ್ರವಾಸದ ನಿಜವಾದ ಕಷ್ಟ ಇದೇ, ಅಲ್ವಾ? ಪ್ರವಾಸ ಹೇಗೋ ನಡೆಯುತ್ತದೆ. ದುಡ್ಡು ಕೊಡಲಾಗದ ಮಕ್ಕಳು ಆ ದಿನ ಮನೆಯಲ್ಲಿ ಉಳಿಯುತ್ತಾರೆ. ಕಂಪನಿಯ ಹಣ ಬೇಕಾಗಿರುವುದು ಅವರಿಗೆ. ಹಾಗಾಗಿ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಒಂದೇ ಮಾತು: ಇಡೀ ತರಗತಿಗೆ ಕೇಳಿ. 'ಬಡ ಮಕ್ಕಳಿಗೆ ರಿಯಾಯಿತಿ' ಎಂದು ಕೇಳಬೇಡಿ. ಹಾಗೆ ಕೇಳಿದರೆ ಯಾರು ಬಡವರು ಎಂದು ಪಟ್ಟಿ ಮಾಡಬೇಕಾಗುತ್ತದೆ. ಆ ಪಟ್ಟಿಯಲ್ಲಿ ತನ್ನ ಹೆಸರಿದೆ ಎಂದು ಮಗುವಿಗೆ ಗೊತ್ತಾಗದೇ ಇರುವುದಿಲ್ಲ.

ಈಗ ಕಾನೂನಿಗೆ ಬರೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಆಸ್ತಿ 500 ಕೋಟಿ, ವಹಿವಾಟು 1,000 ಕೋಟಿ, ಲಾಭ 5 ಕೋಟಿ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಇದರಡಿ ಬರುತ್ತದೆ. ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಅದು ಸಮಾಜಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆ ಖರ್ಚು ಮಾಡಬಹುದು ಎಂಬ ಪಟ್ಟಿ ಕಾಯ್ದೆಯ 7ನೇ ಅನುಸೂಚಿಯಲ್ಲಿದೆ. ಶಿಕ್ಷಣ ಅದರಲ್ಲಿ ಸ್ಪಷ್ಟವಾಗಿ ಇದೆ.

ಶಿಕ್ಷಕರಿಗೆ ಇದರಲ್ಲಿ ಮುಖ್ಯವಾದ ಮಾತು ಇನ್ನೊಂದಿದೆ. ಕಂಪನಿ ತಾನು ಕೆಲಸ ಮಾಡುವ ಜಾಗದ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದು ಅದೇ ಕಲಮು ಹೇಳುತ್ತದೆ. ಅಂದರೆ ಬೆಂಗಳೂರಿನ ದೊಡ್ಡ ಹೆಸರುಗಳಿಗೆ ಪತ್ರ ಹಾಕುವ ಮೊದಲು ನಿಮ್ಮ ತಾಲ್ಲೂಕಿನ ಸಿಮೆಂಟ್ ಫ್ಯಾಕ್ಟರಿ, ಸಕ್ಕರೆ ಕಾರ್ಖಾನೆ, ಗಾಳಿಯಂತ್ರದ ಕಂಪನಿ ಕಡೆ ನೋಡಿ. ಸಿಎಸ್‌ಆರ್ ಖರ್ಚು ವರ್ಷಕ್ಕೆ 50 ಲಕ್ಷ ದಾಟದ ಕಂಪನಿಗಳಲ್ಲಿ ಅದಕ್ಕೆ ಬೇರೆ ಸಮಿತಿಯೂ ಬೇಕಿಲ್ಲ, ನಿರ್ದೇಶಕರ ಮಂಡಳಿಯೇ ತೀರ್ಮಾನಿಸುತ್ತದೆ. ಇಂಥ ಕಡೆ ನಿಮ್ಮ ಎಚ್‌ಎಂ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಒಟ್ಟಿಗೆ ಹೋಗಿ ಮಾತಾಡಿದರೆ ಕೆಲಸ ಬೇಗ ಆಗುತ್ತದೆ.

ಹಾಗಿದ್ದರೆ ಪ್ರವಾಸದ ಪತ್ರಗಳು ಯಾಕೆ ಬಿದ್ದುಹೋಗುತ್ತವೆ? 2014ರ ಜೂನ್‌ನಲ್ಲಿ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಒಂದು ಸುತ್ತೋಲೆ ಹೊರಡಿಸಿತು. ಮ್ಯಾರಥಾನ್, ಪ್ರಶಸ್ತಿ, ಟಿವಿ ಕಾರ್ಯಕ್ರಮದ ಪ್ರಾಯೋಜಕತ್ವದಂಥ ಒಂದು ಸಲದ ಖರ್ಚು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ, ಅದು ಯೋಜನೆಯ ರೂಪದಲ್ಲಿ ಇರಬೇಕು ಎಂದಿತು. 'ಒಂದು ದಿನದ ಪ್ರವಾಸಕ್ಕೆ ಧನಸಹಾಯ' ಎಂಬ ಶೀರ್ಷಿಕೆ ಕಂಡ ಕೂಡಲೇ ನಮ್ಮ ಲೆಕ್ಕಪತ್ರ ವಿಭಾಗದವರು ಆ ಸುತ್ತೋಲೆ ನೆನೆದು ಪತ್ರ ಪಕ್ಕಕ್ಕಿಡುತ್ತಾರೆ. ಅವರ ತಪ್ಪಲ್ಲ. ಪತ್ರದಲ್ಲಿ ಪಾಠ ಎಲ್ಲಿದೆ ಎಂದು ಅವರಿಗೆ ಕಾಣಿಸಿರುವುದಿಲ್ಲ.

ಆ ಚಿತ್ರದುರ್ಗದ ಟೀಚರ್ ಪಾಠವನ್ನೇ ಮೊದಲು ಬರೆದಿದ್ದರು. ಊರಿನ ಬೋರ್‌ವೆಲ್‌ಗಳು ಬತ್ತಿವೆ. ಮಕ್ಕಳು ಮಳೆನೀರು ಸಂಗ್ರಹದ ಬಗ್ಗೆ ಓದುತ್ತಾರೆ, ಆದರೆ ನೋಡಿಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಬಂಡೆಗಳ ಮೇಲೆ ಬಿದ್ದ ಮಳೆನೀರು ಒಂದು ಹೊಂಡ ತುಂಬಿ ಮುಂದಿನ ಹೊಂಡಕ್ಕೆ ಹರಿಯುತ್ತದೆ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ. ಮಕ್ಕಳು ಅದನ್ನು ನೋಡಿ ಚಿತ್ರ ಬರೆಯುತ್ತಾರೆ. ಶಾಲೆಗೆ ವಾಪಸ್ ಬಂದು ಚಾವಣಿಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಅಳತೆ ಮಾಡುತ್ತಾರೆ. ಮೂರು ತಿಂಗಳ ಕೆಲಸ, ನಡುವೆ ಒಂದು ದಿನ ಕೋಟೆ. ಹೀಗೆ ಬರೆದ ಮೇಲೆ ಅದು ಬರೀ ಪ್ರವಾಸ ಆಗಿ ಉಳಿಯುವುದಿಲ್ಲ. ಅದೊಂದು ಯೋಜನೆ.

ಖರ್ಚಿನ ಪಟ್ಟಿಯೂ ಅರ್ಧ ಪುಟ ಅಷ್ಟೇ. ಬಸ್, ಊಟ, ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ನೋಟ್‌ಬುಕ್. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅದನ್ನು ಅವರು ನೆನಪಿಟ್ಟು ಟಿಕೆಟ್ ಹಣ ಶಿಕ್ಷಕರಿಗೆ ಮಾತ್ರ ಹಾಕಿದ್ದರು. ಇಂಥ ಸಣ್ಣ ಲೆಕ್ಕ ಸರಿ ಇದ್ದರೆ ಓದುವವರಿಗೆ ನಂಬಿಕೆ ಬರುತ್ತದೆ.

ಬೇರೆ ದೇಶದ ಒಂದು ಉದಾಹರಣೆ ಹೇಳಲೇಬೇಕು. ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ಕ್ರಿಸ್ಟಲ್ ಬ್ರಿಡ್ಜಸ್ ಎಂಬ ಕಲಾ ಸಂಗ್ರಹಾಲಯ 2011ರಲ್ಲಿ ಶುರುವಾಯಿತು. ಅಲ್ಲಿ ದತ್ತಿಹಣದಿಂದ ಶಾಲೆಗಳ ಬಸ್ಸಿನ ಖರ್ಚು, ಮಕ್ಕಳ ಊಟ, ಜೊತೆಗೆ ಶಿಕ್ಷಕರು ಹೊರಹೋದ ದಿನ ತರಗತಿ ನೋಡಿಕೊಳ್ಳುವ ಬದಲಿ ಶಿಕ್ಷಕರ ಸಂಬಳವನ್ನೂ ಭರಿಸಿದರು. ಅರ್ಜಿ ಹಾಕಿದ ಶಾಲೆಗಳು ತುಂಬಾ ಇದ್ದವು, ಹಾಗಾಗಿ ಚೀಟಿ ಎತ್ತಿದರು. ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು ಹೋದವರನ್ನೂ ಹೋಗದವರನ್ನೂ ಹೋಲಿಸಿದರು. 123 ಶಾಲೆಗಳ ಸುಮಾರು 11,000 ಮಕ್ಕಳು. ನೋಡಿ ಯೋಚಿಸುವ ಶಕ್ತಿ ಹೋಗಿ ಬಂದವರಲ್ಲಿ ಹೆಚ್ಚಿತ್ತು. ಹಳ್ಳಿ ಶಾಲೆಗಳ, ಬಡ ಮನೆಗಳ ಮಕ್ಕಳಿಗೆ ಅದರ ಲಾಭ ಇನ್ನೂ ಜಾಸ್ತಿ ಆಗಿತ್ತು. ನಮ್ಮ ಮಂಡಳಿಯ ಮುಂದೆ ಪ್ರವಾಸದ ಪರವಾಗಿ ಮಾತಾಡುವಾಗ ನಾನು ಪ್ರತಿ ಸಲ ಇದನ್ನೇ ಹೇಳುತ್ತೇನೆ.

ಕಂಪನಿಗಳಿಗೆ ಇರುವ ಭಯದ ಬಗ್ಗೆಯೂ ಹೇಳಬೇಕು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಸಮುದ್ರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡರು. ಆ ಮಕ್ಕಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದಾದ ಮೇಲೆ ಮಂಡಳಿಯಲ್ಲಿ ಮೊದಲ ಪ್ರಶ್ನೆ ಸುರಕ್ಷತೆಯದ್ದೇ. ನಿಮ್ಮ ಪತ್ರ ಅದಕ್ಕೆ ಮೊದಲೇ ಉತ್ತರ ಕೊಟ್ಟಿರಲಿ. ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು, ಹೆಣ್ಣುಮಕ್ಕಳ ಜೊತೆ ಶಿಕ್ಷಕಿ ಯಾರು, ಕತ್ತಲಾಗುವ ಮೊದಲು ವಾಪಸ್ ಬರುತ್ತೀರಾ, ಇಲಾಖೆಯ ಅನುಮತಿ ಆಗಿದೆಯಾ, ಪೋಷಕರ ಒಪ್ಪಿಗೆ ಪತ್ರ ಇದೆಯಾ. ನನ್ನ ಅಭಿಪ್ರಾಯ ಕೇಳಿದರೆ, ಹತ್ತಿರದ ಒಂದೇ ಜಾಗ, ಒಂದೇ ದಿನ ಸಾಕು. ಮೂರು ದಿನದಲ್ಲಿ ಹನ್ನೆರಡು ಊರು ಸುತ್ತಿದರೆ ಮಕ್ಕಳು ನೋಡುವುದು ಕಿಟಕಿಯ ಆಚೆಗಿನ ರಸ್ತೆಯನ್ನೇ. ನಿದ್ದೆಗೆಟ್ಟ ಶಿಕ್ಷಕರಿಗೆ ಮಕ್ಕಳ ಮೇಲೆ ಕಣ್ಣಿಡಲೂ ಕಷ್ಟ.

ಹಣ ಹೇಗೆ ಬರುತ್ತದೆ ಎಂಬಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಕಂಪನಿ ತನ್ನ ಪರವಾಗಿ ಕೆಲಸ ಮಾಡಲು ಟ್ರಸ್ಟ್‌ಗೋ ಸಂಘಕ್ಕೋ ಹಣ ಕೊಡಬೇಕಾದರೆ ಆ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಮತ್ತು ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಇರಬೇಕು. ಇದನ್ನು ಕೇಳಿ ಎಷ್ಟೋ ಶಿಕ್ಷಕರು ಅಲ್ಲಿಗೇ ಕೈಬಿಡುತ್ತಾರೆ. ಬಿಡಬೇಡಿ. ಕಂಪನಿ ನೇರವಾಗಿಯೂ ಖರ್ಚು ಮಾಡಬಹುದು. ಸಾರಿಗೆ ಸಂಸ್ಥೆಯ ಡಿಪೋದಿಂದ ಬಸ್ಸಿನ ಬಾಡಿಗೆ ಎಷ್ಟು ಎಂದು ಬರೆಸಿಕೊಂಡು ಬನ್ನಿ. ನಾವು ಡಿಪೋಗೇ ಕಟ್ಟುತ್ತೇವೆ, ಊಟದವರಿಗೂ ನೇರ ಕೊಡುತ್ತೇವೆ. ನಿಮ್ಮ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ, ನಿಮಗೆ ಲೆಕ್ಕದ ತಲೆನೋವೂ ಇಲ್ಲ. ಹೋಗಿ ಬಂದ ಮಕ್ಕಳ ಪಟ್ಟಿ, ಕೆಲವು ಫೋಟೋ, ಎಚ್‌ಎಂ ಸಹಿ ಇರುವ ಒಂದು ವರದಿ ಕೊಟ್ಟರೆ ಸಾಕು.

ಬಸ್ಸಿಗೆ ಕಂಪನಿಯ ದೊಡ್ಡ ಬ್ಯಾನರ್ ಕಟ್ಟುತ್ತೇವೆ ಎಂದು ಕೆಲವರು ತಾವಾಗಿಯೇ ಬರೆಯುತ್ತಾರೆ. ಬೇಡ. ಉತ್ಪನ್ನದ ಪ್ರಚಾರಕ್ಕಾಗಿ ಕೊಟ್ಟ ಪ್ರಾಯೋಜಕತ್ವವನ್ನು ಸಿಎಸ್‌ಆರ್ ಎಂದು ತೋರಿಸಲು ನಿಯಮದಲ್ಲಿ ಅವಕಾಶವೇ ಇಲ್ಲ.

ಇನ್ನು ಸಮಯ. ನಮ್ಮ ವರ್ಷ ಏಪ್ರಿಲ್‌ನಿಂದ ಮಾರ್ಚ್. ಏಪ್ರಿಲ್‌ನಿಂದ ಜುಲೈವರೆಗೆ ಯೋಜನೆಗಳು ತೀರ್ಮಾನವಾಗುತ್ತವೆ. ಜೂನ್‌ನಲ್ಲಿ ಬಂದ ಪತ್ರವನ್ನು ನಾವು ಕೂತು ಓದುತ್ತೇವೆ, ಫೋನ್ ಮಾಡುತ್ತೇವೆ, ಕೆಲವೊಮ್ಮೆ ಶಾಲೆಗೇ ಬರುತ್ತೇವೆ. ಆ ಟೀಚರ್ ಪತ್ರ ಬಂದದ್ದು ಜೂನ್ ಎರಡನೇ ವಾರ. ನವೆಂಬರ್‌ನಲ್ಲಿ 43 ಮಕ್ಕಳೂ ಕೋಟೆ ಹತ್ತಿದರು. ವರದಿಯ ಜೊತೆ ಮಕ್ಕಳು ಬರೆದ ಹೊಂಡಗಳ ಚಿತ್ರ ಇತ್ತು. ಒಂದರಲ್ಲಿ ನೀರು ಹರಿಯುವ ದಾರಿಗೆ ನೀಲಿ ಬಾಣ ಹಾಕಿ, ಕೊನೆಯ ಹೊಂಡದ ಪಕ್ಕ 'ಇಲ್ಲಿಂದ ಎಲ್ಲಿಗೆ?' ಎಂದು ಬರೆದಿತ್ತು. ಬರೆದವಳು ಬಸ್ಸಲ್ಲಿ ವಾಂತಿ ಆಗುತ್ತೆ ಅಂದಿದ್ದ ಹುಡುಗಿಯ ತಂಗಿ. ಅಕ್ಕ ಆಗಲೇ ಒಂಬತ್ತನೇ ತರಗತಿಗೆ ಹೋಗಿದ್ದಳು. ಮುಂದಿನ ಜೂನ್‌ನಲ್ಲಿ ಬಂದ ಪತ್ರದಲ್ಲಿ ಟೀಚರ್ ಎರಡು ಬಸ್ ಕೇಳಿದ್ದರು: ಒಂದು ಎಂಟನೆಯವರಿಗೆ, ಇನ್ನೊಂದು ಹೋಗದೆ ಉಳಿದ ಅಕ್ಕಂದಿರಿಗೆ, ಅಣ್ಣಂದಿರಿಗೆ.