ಜರ್ನಲ್ ಕಪಾಟು ಬಿಟ್ಟು ಹೋದ ಮೇಲೆ

ಹಳೆಯ ಲೈಬ್ರರಿಗಳಲ್ಲಿ ವರ್ಷದ ಕೊನೆಗೆ ಒಂದು ಕೆಲಸ ಇರುತ್ತಿತ್ತು. ಒಂದೊಂದು ಜರ್ನಲ್‌ನ, ಅಂದರೆ ಸಂಶೋಧನಾ ಲೇಖನಗಳ ಪತ್ರಿಕೆಯ, ಹನ್ನೆರಡು ಸಂಚಿಕೆಗಳನ್ನು ಕ್ರಮವಾಗಿ ಜೋಡಿಸಿ, ವರ್ಷದ ಸೂಚಿ ಸೇರಿಸಿ, ದಾರ ಕಟ್ಟಿ ಬೈಂಡಿಂಗ್‌ಗೆ ಕಳಿಸುವುದು. ಒಂದು ಸಂಚಿಕೆ ಕಡಿಮೆ ಬಿದ್ದರೂ ಆ ಕಟ್ಟು ಮೂಲೆಯಲ್ಲಿ ಕಾಯುತ್ತಾ ಕೂರುತ್ತಿತ್ತು. ‘ಏಪ್ರಿಲ್ ಸಂಚಿಕೆ ನಮಗೆ ತಲುಪಿಲ್ಲ’ ಎಂದು ವಿದೇಶದ ಪ್ರಕಾಶಕರಿಗೆ ಕಾಗದ ಬರೆದು, ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಎಲ್ಲ ಸೇರಿದ ಮೇಲೆ ದಪ್ಪ ರಟ್ಟಿನ ಒಂದು ಸಂಪುಟ ಬರುತ್ತಿತ್ತು. ಬೆನ್ನ ಮೇಲೆ ಚಿನ್ನದ ಬಣ್ಣದ ಅಕ್ಷರ. ವಿದ್ಯಾರ್ಥಿಯಾಗಿದ್ದಾಗ ಅಂಥ ನಾಲ್ಕು ಸಂಪುಟಗಳನ್ನು ಜೆರಾಕ್ಸ್ ಕೌಂಟರ್‌ವರೆಗೆ ಹೊತ್ತು ಹೋದ ಭಾರ ನನ್ನ ಕೈಗೆ ಇನ್ನೂ ನೆನಪಿದೆ.

ಆ ಸಂಪುಟ ಲೈಬ್ರರಿಯ ಸ್ವಂತ ಆಸ್ತಿ. ಮುಂದಿನ ವರ್ಷ ಚಂದಾ ನಿಲ್ಲಿಸಿದರೂ, ಪ್ರಕಾಶಕರು ಬಾಗಿಲು ಹಾಕಿಕೊಂಡು ಹೋದರೂ ಅದು ಕಪಾಟಿನಲ್ಲೇ ಇರುತ್ತಿತ್ತು. 1665ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಓಲ್ಡನ್‌ಬರ್ಗ್ ರಾಯಲ್ ಸೊಸೈಟಿಯ ಜರ್ನಲ್ ಶುರು ಮಾಡಿದಾಗಿನಿಂದ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನ ಉಳಿದುಕೊಂಡು ಬಂದದ್ದು ಹೀಗೆ. ಅಚ್ಚು ಹಾಕುವುದು ಪ್ರಕಾಶಕರ ಕೆಲಸ, ಕಾಯುವುದು ಲೈಬ್ರರಿಯ ಕೆಲಸ. ಈ ಹಂಚಿಕೆಯನ್ನು ಯಾರೂ ಕೂತು ಯೋಜನೆ ಹಾಕಿ ಮಾಡಿದ್ದಲ್ಲ. ಕಾಗದದ ಗುಣವೇ ಹಾಗಿತ್ತು.

1990ರ ದಶಕದಲ್ಲಿ ಜರ್ನಲ್‌ಗಳು ಕಂಪ್ಯೂಟರ್‌ಗೆ ಬಂದವು. 1991ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ, ಅಚ್ಚಿಗೆ ಹೋಗುವ ಮುಂಚಿನ ಲೇಖನಗಳನ್ನು ಹಂಚಿಕೊಳ್ಳಲು ಒಂದು ವ್ಯವಸ್ಥೆ ಶುರು ಮಾಡಿದರು. ಇವತ್ತಿನ ಆರ್ಕೈವ್ (arXiv) ಎಂಬ ಜಾಲತಾಣ ಅದೇ. 1995ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೈಬ್ರರಿಯೇ ಮುಂದೆ ನಿಂತು ಒಂದು ದೊಡ್ಡ ಜೀವರಸಾಯನ ಜರ್ನಲ್ಲನ್ನು ವೆಬ್‌ಗೆ ತಂದಿತು. ಆಮೇಲೆ ದೊಡ್ಡ ಪ್ರಕಾಶಕರೆಲ್ಲ ನೂರಾರು ಜರ್ನಲ್‌ಗಳನ್ನು ಒಂದೇ ಕಟ್ಟಿನಲ್ಲಿ ಮಾರತೊಡಗಿದರು. ಬೇಕಾದ ಹತ್ತರ ಜೊತೆ ಬೇಡದ ತೊಂಬತ್ತನ್ನೂ ಕೊಳ್ಳಬೇಕು. ಬಿಡಿಯಾಗಿ ಕೊಂಡರೆ ಅದಕ್ಕಿಂತ ದುಬಾರಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಷ್ಟು ದೊಡ್ಡ ಸಂಸ್ಥೆಯೇ 2019ರಲ್ಲಿ ಎಲ್ಸೆವಿಯರ್ ಎಂಬ ದೊಡ್ಡ ಪ್ರಕಾಶಕರ ಜೊತೆಗಿನ ಒಪ್ಪಂದ ಕೈಬಿಟ್ಟಿತು. ಎರಡು ವರ್ಷ ಹಾಗೇ ನಡೆದು, 2021ರಲ್ಲಿ ಹೊಸ ಷರತ್ತಿನ ಮೇಲೆ ಮತ್ತೆ ಸಹಿಯಾಯಿತು.

ನಮ್ಮಲ್ಲಿ ಈ ಚೌಕಾಸಿಯನ್ನು ಈಗ ಕೇಂದ್ರ ಸರ್ಕಾರವೇ ಮಾಡಿದೆ. 2024ರ ನವೆಂಬರ್‌ನಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾದಾರಿಕೆ’ ಯೋಜನೆಗೆ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ಸಿಕ್ಕಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆ ಎಲ್ಲ ಸೇರಿ 6,300ಕ್ಕೂ ಹೆಚ್ಚು ಸಂಸ್ಥೆಗಳಿಗೆ ಇದು ಸಿಗಬೇಕು. ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ನನಗೆ ಇದು ನಿಜವಾಗಿಯೂ ಖುಷಿಯ ಸುದ್ದಿ. ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿನ ಹುಡುಗಿಗೂ ಬೆಂಗಳೂರಿನ ದೊಡ್ಡ ಸಂಸ್ಥೆಯ ಸಂಶೋಧಕನಿಗೂ ಒಂದೇ ಲೇಖನ ಒಂದೇ ದಿನ ಸಿಗುವುದು ಸಣ್ಣ ಮಾತಲ್ಲ.

ಆದರೆ ಇಲ್ಲಿ ನಾವು ಕೊಂಡಿರುವುದು ಏನು ಎಂದು ಸರಿಯಾಗಿ ನೋಡಬೇಕು. ಕೊಂಡದ್ದು ಸಂಪುಟವಲ್ಲ, ಬೀಗದ ಕೈ. ಲೇಖನ ಇರುವುದು ಪ್ರಕಾಶಕರ ಸರ್ವರ್‌ನಲ್ಲಿ. ನಮ್ಮ ಕಾಲೇಜಿನ ಕಂಪ್ಯೂಟರ್ ಅಥವಾ ನಮ್ಮ ಲಾಗಿನ್ ಗುರುತು ಹಿಡಿದು ಅದು ಬಾಗಿಲು ತೆಗೆಯುತ್ತದೆ. ಚಂದಾ ಮುಗಿದ ಮಾರನೆಯ ದಿನ ಏನಾಗುತ್ತದೆ? ಹಣ ಕೊಟ್ಟ ವರ್ಷಗಳ ಸಂಚಿಕೆಗಳನ್ನಾದರೂ ಮುಂದೆಯೂ ಓದಬಹುದಾ? ಅದು ಕರಾರು ಪತ್ರದಲ್ಲಿ ಏನು ಬರೆದಿದೆ ಎನ್ನುವುದರ ಮೇಲೆ ಹೋಗುತ್ತದೆ. ಹಾಗಾಗಿ ಇವತ್ತಿನ ಲೈಬ್ರೇರಿಯನ್‌ಗೆ ಕರಾರು ಓದುವುದೂ ಕೆಲಸದ ಒಂದು ಭಾಗ.

ಇನ್ನೂ ದೊಡ್ಡ ಪ್ರಶ್ನೆ ಬೇರೆಯೇ ಇದೆ. ಪ್ರತಿ ಇರುವುದು ಪ್ರಕಾಶಕರ ಬಳಿ ಮಾತ್ರ ಎಂದಾದರೆ, ಆ ಪ್ರಕಾಶಕರೇ ಇಲ್ಲವಾದರೆ?

ಇದು ಸುಮ್ನೆ ಹುಟ್ಟಿಸಿಕೊಂಡ ಭಯ ಅಲ್ಲ. 2000ದಿಂದ 2019ರ ನಡುವೆ 170ಕ್ಕೂ ಹೆಚ್ಚು ಓಪನ್ ಆಕ್ಸೆಸ್ ಜರ್ನಲ್‌ಗಳು, ಅಂದರೆ ಯಾರು ಬೇಕಾದರೂ ಉಚಿತವಾಗಿ ಓದಬಹುದಾದವು, ವೆಬ್‌ನಿಂದ ಮಾಯವಾಗಿವೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಎಲ್ಲ ವಿಷಯದವೂ, ಪ್ರಪಂಚದ ಎಲ್ಲ ಭಾಗದವೂ ಅದರಲ್ಲಿವೆ. ಲೇಖನಗಳಿಗೆ ಡಿಒಐ ಎಂಬ ಕಾಯಂ ಸಂಖ್ಯೆ ಇರುತ್ತದಲ್ಲ, ಅದರಿಂದಾದರೂ ರಕ್ಷಣೆ ಇಲ್ಲವೇ ಎಂದು ಕೇಳಬಹುದು. ಇಲ್ಲ. ಡಿಒಐ ಎಂದರೆ ವಿಳಾಸದ ಪುಸ್ತಕದಲ್ಲಿನ ಒಂದು ಸಾಲು. ಮನೆ ಬದಲಾದರೆ ಪ್ರಕಾಶಕರು ಹೊಸ ವಿಳಾಸ ಬರೆಸುತ್ತಾರೆ, ಸಂಖ್ಯೆ ಅದೇ ಇರುತ್ತದೆ. ಮನೆಯೇ ಬಿದ್ದುಹೋದರೆ ಸಂಖ್ಯೆ ಏನು ಮಾಡೀತು? 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಡಿಒಐ ಇರುವ 70 ಲಕ್ಷಕ್ಕೂ ಹೆಚ್ಚು ಪ್ರಕಟಣೆಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಶೇ. 28ರಷ್ಟು ಯಾವ ಮುಖ್ಯ ಸಂರಕ್ಷಣಾ ಭಂಡಾರದಲ್ಲೂ ಕಾಣಲಿಲ್ಲ. ಅವೆಲ್ಲ ಕಳೆದುಹೋಗಿವೆ ಎಂದಲ್ಲ. ಕಳೆದುಹೋದರೆ ತಂದುಕೊಡುವವರು ಇಲ್ಲ ಎಂದು.

ಸ್ಟ್ಯಾನ್‌ಫರ್ಡ್‌ನ ಲೈಬ್ರೇರಿಯನ್ ವಿಕಿ ರೈಕ್ ಮತ್ತು ಕಂಪ್ಯೂಟರ್ ಎಂಜಿನಿಯರ್ ಡೇವಿಡ್ ರೋಸೆಂತಾಲ್ 1990ರ ದಶಕದ ಕೊನೆಯಲ್ಲೇ ಈ ಚಿಂತೆಗೆ ಬಿದ್ದರು. ಅವರು ಕಂಡುಕೊಂಡ ದಾರಿಯ ಹೆಸರು ಲಾಕ್ಸ್. ಪ್ರತಿಗಳು ಜಾಸ್ತಿ ಇದ್ದಷ್ಟೂ ವಸ್ತು ಉಳಿಯುತ್ತದೆ ಎನ್ನುವುದು ಆ ಹೆಸರಿನ ಅರ್ಥ. ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಅತ್ತಿಮಬ್ಬೆ. ಸಾವಿರ ವರ್ಷದ ಹಿಂದೆ ಪೊನ್ನನ ಶಾಂತಿಪುರಾಣದ ಒಂದು ಸಾವಿರ ಓಲೆ ಪ್ರತಿ ಮಾಡಿಸಿ ಹಂಚಿದವಳು. ಒಂದು ಪ್ರತಿಗೆ ಗೆದ್ದಲು ಹಿಡಿದೀತು, ಇನ್ನೊಂದು ಬೆಂಕಿಗೆ ಹೋದೀತು. ಸಾವಿರಕ್ಕೂ ಒಟ್ಟಿಗೆ ಹಾಗಾಗುವುದು ಕಷ್ಟ.

ಕಂಪ್ಯೂಟರ್‌ನಲ್ಲಿ ಗೆದ್ದಲು ಬೇರೆ ಥರದ್ದು. ಡಿಸ್ಕ್‌ನಲ್ಲಿ ಕೂತಿರುವ ಫೈಲ್ ಯಾರೂ ಮುಟ್ಟದೆ ಇದ್ದರೂ ನಿಧಾನವಾಗಿ ಕೆಡಬಹುದು. ತೆರೆದು ನೋಡುವವರೆಗೂ ಗೊತ್ತಾಗುವುದಿಲ್ಲ. ಅದಕ್ಕೆ ಲಾಕ್ಸ್ ಮಾಡುವ ಉಪಾಯ ನೋಡಿ. ಹಲವು ಲೈಬ್ರರಿಗಳು ತಂತಮ್ಮಲ್ಲಿ ಒಂದೊಂದು ಕಂಪ್ಯೂಟರ್ ಇಟ್ಟು, ತಾವು ಚಂದಾ ಕಟ್ಟಿದ ಜರ್ನಲ್‌ಗಳ ಪ್ರತಿಯನ್ನು ಪ್ರಕಾಶಕರ ಒಪ್ಪಿಗೆಯಿಂದಲೇ ಅದರಲ್ಲಿ ಇಳಿಸಿಕೊಳ್ಳುತ್ತವೆ. ಆಗಾಗ ಒಂದು ಲೈಬ್ರರಿಯ ಯಂತ್ರ ಉಳಿದವನ್ನು ಕೇಳುತ್ತದೆ: ‘ಈ ಫೈಲ್‌ನ ಹ್ಯಾಶ್ ಎಷ್ಟು?’ ಹ್ಯಾಶ್ ಎಂದರೆ ಇಡೀ ಫೈಲನ್ನು ಒಂದು ಲೆಕ್ಕಕ್ಕೆ ಹಾಕಿ ತೆಗೆದ ಸಂಖ್ಯೆ. ಫೈಲ್‌ನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಹಳೆಯ ಉತ್ತರವನ್ನೇ ಬಾಯಿಪಾಠ ಒಪ್ಪಿಸಬಾರದು ಅಲ್ವಾ? ಅದಕ್ಕೆ ಪ್ರತಿ ಸಲ ಒಂದು ಹೊಸ ಸಂಖ್ಯೆ ಕೊಟ್ಟು, ‘ಇದನ್ನೂ ಸೇರಿಸಿ ಲೆಕ್ಕ ಹಾಕು’ ಎನ್ನುತ್ತದೆ. ಆಗ ಉತ್ತರ ಕೊಡಲು ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಲೇಬೇಕು.

ಉತ್ತರಗಳು ಬಂದ ಮೇಲೆ ಮತ ಎಣಿಕೆ. ಬಹುಮತದ ಉತ್ತರಕ್ಕೂ ನನ್ನದಕ್ಕೂ ತಾಳೆಯಾಗದಿದ್ದರೆ ಕೆಟ್ಟಿರುವುದು ನನ್ನ ಪ್ರತಿ. ಆಗ ಪ್ರಕಾಶಕರಿಂದಲೋ ಇನ್ನೊಂದು ಲೈಬ್ರರಿಯಿಂದಲೋ ಒಳ್ಳೆಯ ಪ್ರತಿ ತಂದು ಸರಿ ಮಾಡಿಕೊಳ್ಳುತ್ತದೆ. ಇಲ್ಲೊಂದು ನಿಯಮ ಇದೆ. ಹಿಂದೆ ಸರಿಯಾದ ಉತ್ತರ ಕೊಟ್ಟಿದ್ದ ಯಂತ್ರಕ್ಕೆ ಮಾತ್ರ ಬೇರೆ ಲೈಬ್ರರಿಗಳು ಪ್ರತಿ ಕೊಡುತ್ತವೆ. ಮೊದಲೇ ನಿನ್ನ ಹತ್ತಿರ ಇದ್ದದ್ದನ್ನು ಮಾತ್ರ ರಿಪೇರಿ ಮಾಡಿಕೊಡುತ್ತೇವೆ, ಹೊಸದಾಗಿ ಕೊಡುವುದಿಲ್ಲ ಎಂದ ಹಾಗೆ. ಪ್ರಕಾಶಕರಿಗೆ ನೆಮ್ಮದಿ ಕೊಡುವುದು ಇಂಥ ನಿಯಮವೇ.

ಇದೇ ತಂತ್ರದ ಮೇಲೆ ಪ್ರಕಾಶಕರು ಮತ್ತು ಲೈಬ್ರರಿಗಳು ಸೇರಿ ಕ್ಲಾಕ್ಸ್ ಎಂಬ ಭಂಡಾರ ಕಟ್ಟಿದ್ದಾರೆ. ಸ್ಟ್ಯಾನ್‌ಫರ್ಡ್, ಎಡಿನ್‌ಬರೊ, ಟೋಕಿಯೊ, ಹಾಂಗ್‌ಕಾಂಗ್ ಹೀಗೆ 12 ಕಡೆ ಅದರ ಪ್ರತಿಗಳಿವೆ. ಮಾಮೂಲಿ ದಿನಗಳಲ್ಲಿ ಅದನ್ನು ಯಾರೂ ಓದುವಂತಿಲ್ಲ. ಜರ್ನಲ್ ಎಲ್ಲೂ ಸಿಗದಂತಾದಾಗ ಮಾತ್ರ ಬಾಗಿಲು ತೆಗೆಯುತ್ತದೆ, ಆಗ ಎಲ್ಲರಿಗೂ ಉಚಿತ. ಅಂಗಾಂಗ ಕಸಿಯ ಬಗ್ಗೆ ಗ್ರಾಫ್ಟ್ ಎಂಬ ಜರ್ನಲ್ ಇತ್ತು. ಕೆಲವೇ ವರ್ಷ ನಡೆದು ನಿಂತುಹೋಯಿತು. 2008ರಲ್ಲಿ ಅದರ ಸಂಚಿಕೆಗಳು ಹೀಗೆ ಭಂಡಾರದಿಂದ ಹೊರಬಂದವು.

ದೊಡ್ಡ ಪ್ರಕಾಶಕರ ಜರ್ನಲ್‌ಗಳು ಹೇಗೋ ಉಳಿಯುತ್ತವೆ. ನನಗೆ ಚಿಂತೆ ನಮ್ಮ ಸಣ್ಣ ಜರ್ನಲ್‌ಗಳದ್ದು. ಒಬ್ಬ ಮೇಷ್ಟ್ರ ಉತ್ಸಾಹದಲ್ಲಿ ನಡೆಯುವ ಕಾಲೇಜಿನ ಜರ್ನಲ್, ಕನ್ನಡದಲ್ಲೇ ಬರುವ ಸಂಶೋಧನಾ ಪತ್ರಿಕೆ. ನನ್ನದೇ ಒಂದು ಲೇಖನ ಇದ್ದ ಜರ್ನಲ್ ಹೀಗೆ ಹೋಯಿತು. ಸಂಪಾದಕರು ನಿವೃತ್ತರಾದರು, ವೆಬ್‌ಸೈಟ್ ಹೆಸರಿನ ವಾರ್ಷಿಕ ಶುಲ್ಕ ಕಟ್ಟುವುದು ಯಾರಿಗೂ ನೆನಪಾಗಲಿಲ್ಲ. ಆ ವಿಳಾಸಕ್ಕೆ ಹೋದರೆ ಈಗ ಯಾವುದೋ ಜಾಹೀರಾತು ಬರುತ್ತದೆ. ಅದೇ ಜರ್ನಲ್‌ನ ಮೊದಲ ಸಂಚಿಕೆಗಳು ಕಾಗದದಲ್ಲಿ ಬಂದಿದ್ದವು. ಅವು ಇನ್ನೂ ಕಪಾಟಿನಲ್ಲಿವೆ.

ಇಂಥವರಿಗೂ ಒಂದು ದಾರಿ ಇದೆ, ಅದಕ್ಕೆ ದುಡ್ಡೂ ಬೇಕಿಲ್ಲ. ಕೆನಡಾದಲ್ಲಿ ಹುಟ್ಟಿದ ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಜರ್ನಲ್ ನಡೆಸುತ್ತಿದ್ದರೆ, ಅದನ್ನು ಮಾಡಿದವರದ್ದೇ ಒಂದು ಸಂರಕ್ಷಣಾ ಜಾಲ ಇದೆ. ಅದೂ ಲಾಕ್ಸ್ ತಂತ್ರದ ಮೇಲೇ ನಡೆಯುತ್ತದೆ. ಜರ್ನಲ್‌ಗೆ ಐಎಸ್‌ಎಸ್‌ಎನ್ ಎಂಬ ಗುರುತಿನ ಸಂಖ್ಯೆ ಇರಬೇಕು, ಒಂದು ಲೇಖನವಾದರೂ ಪ್ರಕಟವಾಗಿರಬೇಕು. ಸಂಪಾದಕರು ತಂತ್ರಾಂಶದಲ್ಲಿ ಆ ಜಾಲದ ಪ್ಲಗಿನ್ (ಜೋಡಿಸಿಕೊಳ್ಳುವ ಸಣ್ಣ ತಂತ್ರಾಂಶ) ಆನ್ ಮಾಡಿ ಷರತ್ತುಗಳಿಗೆ ಒಪ್ಪಿಗೆ ಕೊಟ್ಟರೆ, ಪ್ರಕಟವಾದ ಸಂಚಿಕೆಗಳ ಪ್ರತಿ ಬೇರೆ ಬೇರೆ ಊರಿನ ಯಂತ್ರಗಳಿಗೆ ಹೋಗಿ ಕೂರುತ್ತದೆ. ನಿಮ್ಮ ಕಾಲೇಜಿನಲ್ಲಿ ಜರ್ನಲ್ ಬರುತ್ತಿದ್ದರೆ ಸಂಪಾದಕರನ್ನು ಒಮ್ಮೆ ಕೇಳಿ ನೋಡಿ: ‘ಸರ್, ನಮ್ಮ ಪ್ರತಿ ಇನ್ನೆಲ್ಲಿ ಇದೆ?’